ಧೂಮಕೇತುವಿನ ಬಾಲ, ಅರಿಶಿನದ ಕೊಂಬು

ಧೂಮಕೇತುವನ್ನು ನೋಡಬೇಕಾದರೆ ಆಕಾಶದತ್ತ ಕತ್ತೆತ್ತಬೇಕು. ಕೊಲ್ಕತ್ತದ ಚಿತ್ತರಂಜನ್ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಸಂಶೋಧಕರು ಮಾತ್ರ ಅದನ್ನು ತಲೆ ಬಗ್ಗಿಸಿ, ಸೂಕ್ಷ್ಮದರ್ಶಕದ ಕಣ್ಣಿನಲ್ಲಿ ನೋಡುತ್ತಿದ್ದರು. ಕಪ್ಪು ಹಿನ್ನೆಲೆಯಲ್ಲಿ ಹೊಳೆಯುವ ದುಂಡನೆಯ ತಲೆ. ಅದರ ಹಿಂದೆ ಬರಬರುತ್ತಾ ಮಸುಕಾಗುವ ಉದ್ದನೆಯ ಬಾಲ. ಅದು ಮನುಷ್ಯನ ರಕ್ತದಿಂದ ತೆಗೆದ ಒಂದು ಬಿಳಿ ಕಣ! ಬಾಲ ಉದ್ದವಾಗಿದ್ದಷ್ಟೂ ಆ ಕಣದೊಳಗಿನ ಡಿ.ಎನ್.ಎ. ಹೆಚ್ಚು ತುಂಡಾಗಿದೆ ಎಂದು ಅರ್ಥ.

ಆ ರಕ್ತವನ್ನು ಕೊಟ್ಟವರು ಪಶ್ಚಿಮ ಬಂಗಾಳದ ಹಳ್ಳಿಯ ಜನ. ಅವರು ವರ್ಷಗಟ್ಟಲೆ ಕುಡಿದದ್ದು ಆರ್ಸೆನಿಕ್ ಬೆರೆತ ಕೊಳವೆ ಬಾವಿಯ ನೀರು. ಸಂಶೋಧಕರು ಅವರಿಗೆ ಮೂರು ತಿಂಗಳ ಕಾಲ ಅರಿಶಿನದ ಸಾರವಾದ ಕರ್ಕ್ಯುಮಿನ್ ಕೊಟ್ಟು, ಮತ್ತೆ ರಕ್ತ ಪರೀಕ್ಷೆ ಮಾಡಿದರು. ಡಿ.ಎನ್.ಎ. ಹಾನಿ ಕಡಿಮೆಯಾಗಿತ್ತು, ಧೂಮಕೇತುಗಳ ಬಾಲ ಗಿಡ್ಡವಾಗಿತ್ತು. ಈ ಫಲಿತಾಂಶ 2010ರಲ್ಲಿ ಪ್ರಕಟವಾಯಿತು.

ಇಂಥ ಸುದ್ದಿ ಓದಿದಾಗ ಮನೆಯ ಹಿರಿಯರಿಗೆ ಸಂತೋಷವಾಗುವುದು ಸಹಜ. ಗಾಯಕ್ಕೆ ಅರಿಶಿನ, ಕೆಮ್ಮಿಗೆ ಅರಿಶಿನದ ಹಾಲು ಎಂದು ಅವರು ಮೊದಲಿನಿಂದಲೂ ಹೇಳುತ್ತ ಬಂದಿಲ್ಲವೇ? ಆದರೆ ವಿಜ್ಞಾನದ ವಿದ್ಯಾರ್ಥಿ ಇಲ್ಲಿ ಎರಡು ಪ್ರಶ್ನೆಗಳನ್ನು ಕೇಳಬೇಕು. ಈ ಪ್ರಯೋಗ ಏನನ್ನು ತೋರಿಸಿಕೊಟ್ಟಿತು? ಏನನ್ನು ಇನ್ನೂ ತೋರಿಸಿಕೊಟ್ಟಿಲ್ಲ? ವಿಷದ ನೀರು ಕುಡಿದ ಲಕ್ಷಾಂತರ ಜನರಿಗೆ ಈ ಎರಡು ಪ್ರಶ್ನೆಗಳ ಉತ್ತರ ಬಹಳ ಮುಖ್ಯ.

ಎರಡು ಮೀಟರ್ ದಾರ

ನಮ್ಮ ದೇಹದ ಒಂದು ಜೀವಕೋಶದಲ್ಲಿರುವ ಡಿ.ಎನ್.ಎ.ಯನ್ನೆಲ್ಲ ಬಿಡಿಸಿ ಉದ್ದಕ್ಕೆ ಜೋಡಿಸಿದರೆ ಸುಮಾರು ಎರಡು ಮೀಟರ್ ಆಗುತ್ತದೆ. ಅಷ್ಟು ಉದ್ದದ ದಾರ, ಮಿಲಿಮೀಟರಿನ ನೂರನೇ ಒಂದು ಭಾಗಕ್ಕಿಂತಲೂ ಚಿಕ್ಕದಾದ ಕೋಶಕೇಂದ್ರದೊಳಗೆ 46 ವರ್ಣತಂತುಗಳಾಗಿ ಸುತ್ತಿ ಕುಳಿತಿದೆ. ಅದರಲ್ಲಿ ನಾಲ್ಕೇ ನಾಲ್ಕು ರಾಸಾಯನಿಕ ಅಕ್ಷರಗಳಿಂದ ಬರೆದ ಸುಮಾರು 600 ಕೋಟಿ ಅಕ್ಷರಜೋಡಿಗಳ ಬರಹವಿದೆ. ಯಾವ ಪ್ರೋಟೀನನ್ನು ಯಾವಾಗ, ಎಷ್ಟು ತಯಾರಿಸಬೇಕು, ಕೋಶ ಯಾವಾಗ ಇಬ್ಭಾಗವಾಗಬೇಕು, ಯಾವಾಗ ಸುಮ್ಮನಿರಬೇಕು ಎಂಬ ಎಲ್ಲ ಅಪ್ಪಣೆಗಳೂ ಅದರಲ್ಲಿವೆ.

ಈ ದಾರ ಭದ್ರವಾಗಿ ಬೀಗ ಹಾಕಿಟ್ಟ ವಸ್ತುವೇನಲ್ಲ. ಉಸಿರಾಟದಿಂದ ಶಕ್ತಿ ಪಡೆಯುವಾಗ ಹುಟ್ಟುವ ಚುರುಕಾದ ಆಮ್ಲಜನಕದ ಕಣಗಳು ಅದನ್ನು ಕುಟುಕುತ್ತವೆ. ಸೂರ್ಯನ ಅತಿನೇರಳೆ ಕಿರಣಗಳು ಅಕ್ಷರಗಳನ್ನು ಅಂಟಿಸಿಬಿಡುತ್ತವೆ. ಒಂದೊಂದು ಕೋಶದಲ್ಲೂ ದಿನಕ್ಕೆ ಸಾವಿರಾರು ಕಡೆ ಪೆಟ್ಟು ಬೀಳುತ್ತದೆ. ಆದರೂ ನಾವು ಆರೋಗ್ಯವಾಗಿರುವುದಕ್ಕೆ ಕಾರಣ, ಹಗಲಿರುಳು ರಿಪೇರಿ ಕೆಲಸ ಮಾಡುವ ಕಿಣ್ವಗಳು. ಕೆಟ್ಟ ಅಕ್ಷರವನ್ನು ಕತ್ತರಿಸಿ ತೆಗೆದು, ಎದುರಿನ ಎಳೆಯನ್ನು ನೋಡಿಕೊಂಡು ಸರಿಯಾದ ಅಕ್ಷರವನ್ನು ಅವು ಕೂಡಿಸುತ್ತವೆ. ಈ ರಿಪೇರಿಯ ಗುಟ್ಟನ್ನು ಬಿಡಿಸಿದ ತೋಮಸ್ ಲಿಂಡಾಲ್, ಪಾಲ್ ಮಾಡ್ರಿಚ್ ಮತ್ತು ಅಜೀಜ್ ಸಂಜಾರ್ ಅವರಿಗೆ 2015ರ ರಸಾಯನ ವಿಜ್ಞಾನದ ನೊಬೆಲ್ ಪ್ರಶಸ್ತಿ ದೊರೆಯಿತು.

ಪೆಟ್ಟುಗಳ ಸಂಖ್ಯೆ ರಿಪೇರಿಯ ಶಕ್ತಿಯನ್ನು ಮೀರಿದಾಗ ತೊಂದರೆ ಶುರುವಾಗುತ್ತದೆ. ಕೋಶ ವಿಭಜನೆಯಾಗುವ ಮೊದಲು ಸರಿಹೋಗದ ತಪ್ಪು, ಮುಂದಿನ ಕೋಶಗಳಿಗೆ ಸರಿಯಾದ ಬರಹವೆಂದೇ ನಕಲಾಗುತ್ತದೆ. ಆ ತಪ್ಪು ಕೋಶದ ಬೆಳವಣಿಗೆಗೆ ಕಡಿವಾಣ ಹಾಕುವ ಜೀನ್‌ನಲ್ಲಿ ಇದ್ದರೆ ಮುಂದೊಂದು ದಿನ ಕ್ಯಾನ್ಸರ್‌ಗೆ ದಾರಿಯಾಗಬಹುದು.

ಮಸಿಯಿಂದ ಶುರುವಾದ ಕಥೆ

ಪರಿಸರದ ಕೊಳೆಗೂ ಕ್ಯಾನ್ಸರ್‌ಗೂ ಸಂಬಂಧವಿದೆ ಎಂಬುದನ್ನು ಮೊದಲು ಗುರುತಿಸಿದವರಲ್ಲಿ ಲಂಡನ್ನಿನ ಶಸ್ತ್ರವೈದ್ಯ ಪರ್ಸಿವಲ್ ಪಾಟ್ ಒಬ್ಬರು. ಮನೆಗಳ ಹೊಗೆಗೂಡುಗಳೊಳಗೆ ಇಳಿದು ಮಸಿ ಗುಡಿಸುತ್ತಿದ್ದ ಹುಡುಗರು ದೊಡ್ಡವರಾದ ಮೇಲೆ ಒಂದು ಬಗೆಯ ಚರ್ಮದ ಕ್ಯಾನ್ಸರ್‌ಗೆ ತುತ್ತಾಗುತ್ತಿದ್ದುದನ್ನು ಅವರು 1775ರಲ್ಲಿ ಬರೆದರು. ಮಸಿಯಲ್ಲಿದ್ದ ಅಪರಾಧಿ ಯಾರು ಎಂದು ತಿಳಿಯಲು ಒಂದೂವರೆ ಶತಮಾನವೇ ಬೇಕಾಯಿತು. 1933ರಲ್ಲಿ ಲಂಡನ್ನಿನ ರಸಾಯನ ವಿಜ್ಞಾನಿಗಳು ಕಲ್ಲಿದ್ದಲಿನ ಡಾಂಬರಿನಿಂದ ಬೆಂಜೊಪೈರೀನ್ ಎಂಬ ವಸ್ತುವನ್ನು ಬೇರ್ಪಡಿಸಿದರು. ಸಿಗರೇಟಿನ ಹೊಗೆ, ಸೌದೆ ಒಲೆಯ ಹೊಗೆ, ಡೀಸೆಲ್ ಗಾಡಿಯ ಹೊಗೆ ಎಲ್ಲದರಲ್ಲೂ ಇದು ಇದೆ.

ಸ್ವಾರಸ್ಯವೆಂದರೆ, ಬೆಂಜೊಪೈರೀನ್ ಇದ್ದ ಹಾಗೆಯೇ ಡಿ.ಎನ್.ಎ.ಗೆ ಅಂಟುವುದಿಲ್ಲ. ಅದನ್ನು ನೀರಿನಲ್ಲಿ ಕರಗುವಂತೆ ಮಾಡಿ ಹೊರಹಾಕಲು ದೇಹ ಹವಣಿಸುತ್ತದೆ. ಆ ಪ್ರಯತ್ನದ ನಡುವಿನ ಒಂದು ಹಂತದಲ್ಲಿ ಅದು ಅತ್ಯಂತ ಚುರುಕಾದ ರೂಪ ತಾಳಿ ಡಿ.ಎನ್.ಎ.ಯ ಗ್ವಾನೀನ್ ಎಂಬ ಅಕ್ಷರಕ್ಕೆ ಗಂಟುಬೀಳುತ್ತದೆ. ಅಂದರೆ ವಿಷ ದೇಹದೊಳಕ್ಕೆ ಬಂದ ಮೇಲೆ ಅದು ಹಾನಿ ಮಾಡುವುದೋ, ಮೂತ್ರದಲ್ಲಿ ಹೊರಹೋಗುವುದೋ ಎಂಬುದು ಕೋಶದೊಳಗಿನ ಕಿಣ್ವಗಳ ಓಟದ ಪಂದ್ಯವನ್ನು ಅವಲಂಬಿಸಿದೆ. ಸಸ್ಯಜನ್ಯ ವಸ್ತುಗಳು ಸಹಾಯ ಮಾಡಬಲ್ಲವೇನೋ ಎಂಬ ಆಸೆ ಹುಟ್ಟಿದ್ದು ಇಲ್ಲಿಯೇ.

ಕೊಳವೆ ಬಾವಿಯ ಪಾಷಾಣ

ಬಂಗಾಳದ ಕಥೆ ಇನ್ನೂ ದಾರುಣ. ಅಲ್ಲಿಯ ಜನ ಕೆರೆಕುಂಟೆಗಳ ನೀರು ಕುಡಿದು ಕಾಲರಾ, ಆಮಶಂಕೆಗಳಿಂದ ಸಾಯುತ್ತಿದ್ದರು. ಅವರನ್ನು ಉಳಿಸಲೆಂದೇ ಸಾವಿರಾರು ಕೊಳವೆ ಬಾವಿಗಳನ್ನು ಕೊರೆಯಲಾಯಿತು. ನೀರು ತಿಳಿಯಾಗಿತ್ತು, ರುಚಿಯಾಗಿತ್ತು, ರೋಗಾಣುಗಳೂ ಇರಲಿಲ್ಲ. 1983ರಲ್ಲಿ ಕೊಲ್ಕತ್ತದ ಚರ್ಮವೈದ್ಯ ಕೆ. ಸಿ. ಸಹಾ ಅವರ ಬಳಿಗೆ ವಿಚಿತ್ರ ಕಲೆಗಳಿದ್ದ ರೋಗಿಗಳು ಬಂದರು. ಮೈಮೇಲೆ ಮಳೆಹನಿ ಬಿದ್ದಂಥ ಕಪ್ಪು ಬಿಳಿ ಚುಕ್ಕೆಗಳು, ಅಂಗೈ ಅಂಗಾಲುಗಳಲ್ಲಿ ಗಟ್ಟಿಯಾದ ಗಂಟುಗಳು. ಅದು ಆರ್ಸೆನಿಕ್ ವಿಷದ ಲಕ್ಷಣವಾಗಿತ್ತು.

ಈ ಆರ್ಸೆನಿಕ್ ಯಾವ ಕಾರ್ಖಾನೆಯಿಂದಲೂ ಬಂದದ್ದಲ್ಲ. ಹಿಮಾಲಯದಿಂದ ನದಿಗಳು ಹೊತ್ತು ತಂದ ಮೆಕ್ಕಲು ಮಣ್ಣಿನಲ್ಲಿ ಅದು ಕಬ್ಬಿಣದ ಆಕ್ಸೈಡಿಗೆ ಅಂಟಿಕೊಂಡಿತ್ತು. ಆಮ್ಲಜನಕವಿಲ್ಲದ ಆಳದಲ್ಲಿ ಸೂಕ್ಷ್ಮಜೀವಿಗಳು ಆ ಆಕ್ಸೈಡನ್ನು ಕರಗಿಸಿದಾಗ ಆರ್ಸೆನಿಕ್ ಬಿಡುಗಡೆಯಾಗಿ ನೀರಿಗೆ ಸೇರಿತು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯೂ ಇಲ್ಲ. ಕುಡಿಯುವ ನೀರಿನಲ್ಲಿ ಲೀಟರಿಗೆ 10 ಮೈಕ್ರೊಗ್ರಾಂಗಿಂತ ಹೆಚ್ಚು ಆರ್ಸೆನಿಕ್ ಇರಕೂಡದೆಂದು ವಿಶ್ವ ಆರೋಗ್ಯ ಸಂಸ್ಥೆ 1993ರಲ್ಲಿ ಗೊತ್ತುಮಾಡಿತು. ಅಂದರೆ ಒಂದು ಲಕ್ಷ ಲೀಟರ್ ನೀರಿನಲ್ಲಿ ಒಂದು ಗ್ರಾಂ! ಹತ್ತು ಸಾವಿರ ಲೀಟರ್ ಹಿಡಿಯುವ ಹತ್ತು ಟ್ಯಾಂಕರುಗಳನ್ನು ಊಹಿಸಿಕೊಂಡರೆ ಈ ಪ್ರಮಾಣ ಎಷ್ಟು ಸೂಕ್ಷ್ಮವೆಂದು ತಿಳಿದೀತು.

ಆರ್ಸೆನಿಕ್ ಬೆಂಜೊಪೈರೀನ್‌ನಂತೆ ಡಿ.ಎನ್.ಎ.ಗೆ ನೇರವಾಗಿ ಅಂಟುವ ಶತ್ರುವಲ್ಲ. ಅದು ಕೋಶದೊಳಗೆ ಚುರುಕು ಆಮ್ಲಜನಕದ ಕಣಗಳನ್ನು ಹೆಚ್ಚಿಸುತ್ತದೆ. ಆ ಕಣಗಳು ಡಿ.ಎನ್.ಎ.ಯನ್ನು ತುಂಡರಿಸುತ್ತವೆ. ಅದೇ ವೇಳೆ ಆರ್ಸೆನಿಕ್ ಕೆಲವು ರಿಪೇರಿ ಪ್ರೋಟೀನುಗಳೊಳಗಿನ ಸತುವನ್ನು ಕಿತ್ತು ತಾನೇ ಆ ಜಾಗದಲ್ಲಿ ಕುಳಿತು ಅವುಗಳನ್ನು ನಿಷ್ಕ್ರಿಯಗೊಳಿಸುತ್ತದೆ. ಮನೆಗೆ ಬೆಂಕಿ ಹಚ್ಚಿ, ನೀರು ಸೇದುವ ಬಾವಿಯ ಹಗ್ಗವನ್ನೂ ಕತ್ತರಿಸಿ ಹೋದ ಕಳ್ಳನ ಕೆಲಸವಿದು.

ನೀರು ಬದಲಿಸಿದ ಕೂಡಲೇ ಎಲ್ಲವೂ ಸರಿಹೋಗುತ್ತದೆಯೇ? ದಕ್ಷಿಣ ಅಮೆರಿಕದ ಚಿಲಿ ದೇಶದ ಆಂಟೊಫಗಾಸ್ಟಾ ನಗರ ಇದಕ್ಕೆ ಉತ್ತರ ಕೊಟ್ಟಿದೆ. ಅಲ್ಲಿಗೆ 1958ರಲ್ಲಿ ಹೊಸ ನದಿಯ ನೀರು ಬಂತು. ಅದರಲ್ಲಿ ಲೀಟರಿಗೆ ಸುಮಾರು 860 ಮೈಕ್ರೊಗ್ರಾಂ, ಅಂದರೆ ಈಗಿನ ಮಿತಿಯ 86 ಪಟ್ಟು ಆರ್ಸೆನಿಕ್ ಇತ್ತು. ಸುಮಾರು ಹನ್ನೆರಡು ವರ್ಷಗಳ ನಂತರ ಶುದ್ಧೀಕರಣ ಘಟಕ ಬಂದು ನೀರು ಬಹುಮಟ್ಟಿಗೆ ಶುದ್ಧವಾಯಿತು. ಆದರೆ ಶ್ವಾಸಕೋಶ ಮತ್ತು ಮೂತ್ರಕೋಶದ ಕ್ಯಾನ್ಸರ್‌ಗಳು ಅಲ್ಲಿ ಮುಂದಿನ ನಲವತ್ತು ವರ್ಷಗಳವರೆಗೂ ಹೆಚ್ಚಾಗಿಯೇ ಇದ್ದವು. ನೀರು ಮರೆತರೂ ಜೀವಕೋಶ ಮರೆಯಲಿಲ್ಲ.

ಈಗಾಗಲೇ ಕುಡಿದುಬಿಟ್ಟವರಿಗೆ ಏನಾದರೂ ಮಾಡಬಹುದೇ ಎಂಬ ಪ್ರಶ್ನೆ ಏಳುವುದು ಈ ಹಿನ್ನೆಲೆಯಲ್ಲಿ. ಕೊಲ್ಕತ್ತದ ಸಂಶೋಧಕರು ಅರಿಶಿನದತ್ತ ನೋಡಿದ್ದು ಬರಿಯ ಅಭಿಮಾನದಿಂದಲ್ಲ.

ಹಳದಿ ಬಣ್ಣದ ಗುಣ

ಅರಿಶಿನಕ್ಕೆ ಬಣ್ಣ ಕೊಡುವ ವಸ್ತುವನ್ನು 1815ರಲ್ಲೇ ಯುರೋಪಿನ ರಸಾಯನ ವಿಜ್ಞಾನಿಗಳು ಬೇರ್ಪಡಿಸಿದ್ದರು. ಅದರ ರಚನೆ ತಿಳಿದದ್ದು 1910ರಲ್ಲಿ. 21 ಇಂಗಾಲ, 20 ಜಲಜನಕ, 6 ಆಮ್ಲಜನಕದ ಪರಮಾಣುಗಳ ಈ ಅಣುವೇ ಕರ್ಕ್ಯುಮಿನ್. ಅರಿಶಿನದ ಪುಡಿಯಲ್ಲಿ ಇದು ಸಾಮಾನ್ಯವಾಗಿ ಶೇ 2ರಿಂದ 5ರಷ್ಟಿರುತ್ತದೆ.

ಇದು ಎರಡು ರೀತಿಯಲ್ಲಿ ಕೆಲಸ ಮಾಡುತ್ತದೆಂದು ಪ್ರಯೋಗಾಲಯದ ಅಧ್ಯಯನಗಳು ಹೇಳುತ್ತವೆ. ಮೊದಲನೆಯದು ನೇರವಾದದ್ದು. ಚುರುಕು ಆಮ್ಲಜನಕದ ಕಣಗಳಿಗೆ ತಾನೇ ಎದುರಾಗಿ ಅವುಗಳ ಆರ್ಭಟವನ್ನು ಅಡಗಿಸುವುದು. ಎರಡನೆಯದು ಇನ್ನೂ ಕುತೂಹಲಕರ. ಕೋಶದೊಳಗೆ ಎನ್.ಆರ್.ಎಫ್-2 ಎಂಬ ಪ್ರೋಟೀನು ಇದೆ. ಎಂದಿನ ದಿನಗಳಲ್ಲಿ ಕೀಪ್-1 ಎಂಬ ಇನ್ನೊಂದು ಪ್ರೋಟೀನು ಅದನ್ನು ಕಾವಲುಗಾರನಂತೆ ಹಿಡಿದಿಟ್ಟಿರುತ್ತದೆ. ಕರ್ಕ್ಯುಮಿನ್ ಬಂದು ಕೀಪ್-1ಕ್ಕೆ ಅಂಟಿದಾಗ ಹಿಡಿತ ಸಡಿಲವಾಗಿ ಎನ್.ಆರ್.ಎಫ್-2 ಕೋಶಕೇಂದ್ರಕ್ಕೆ ಧಾವಿಸುತ್ತದೆ. ಅಲ್ಲಿ ಅದು ವಿಷವನ್ನು ಕಟ್ಟಿ ಹೊರಹಾಕುವ, ಉತ್ಕರ್ಷಣವನ್ನು ತಡೆಯುವ ಹಲವಾರು ಕಿಣ್ವಗಳ ಜೀನ್‌ಗಳನ್ನು ಎಚ್ಚರಿಸುತ್ತದೆ.

ಇಲ್ಲೊಂದು ತಮಾಷೆಯಿದೆ. ಕೋಶದ ಪಾಲಿಗೆ ಕರ್ಕ್ಯುಮಿನ್ ಅಮೃತವೇನಲ್ಲ, ಅದೂ ಒಂದು ಸಣ್ಣ ಕಿರುಕುಳವೇ. ಶಾಲೆಯಲ್ಲಿ ಅಗ್ನಿಶಾಮಕ ದಳದವರು ಅಣಕು ಪ್ರದರ್ಶನ ನಡೆಸಿ ಮಕ್ಕಳನ್ನು ಸಿದ್ಧಗೊಳಿಸುವಂತೆ, ಈ ಸಣ್ಣ ಕಿರುಕುಳ ಕೋಶವನ್ನು ದೊಡ್ಡ ಅಪಾಯಕ್ಕೆ ಸಜ್ಜುಗೊಳಿಸುತ್ತದೆ.

ಮನುಷ್ಯರ ಮೇಲಿನ ಪರೀಕ್ಷೆಗಳಲ್ಲಿ ಗಮನಾರ್ಹವಾದದ್ದೊಂದು ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯಲ್ಲಿ ನಡೆಯಿತು. 16 ಮಂದಿ ಧೂಮಪಾನಿಗಳಿಗೆ ದಿನಕ್ಕೆ ಒಂದೂವರೆ ಗ್ರಾಂ ಅರಿಶಿನವನ್ನು 30 ದಿನ ಕೊಡಲಾಯಿತು. ಅವರ ಮೂತ್ರದಲ್ಲಿ ಜೀನ್‌ಗಳನ್ನು ಕೆಡಿಸುವ ವಸ್ತುಗಳ ಪ್ರಭಾವ ಗಣನೀಯವಾಗಿ ಇಳಿಯಿತೆಂದು 1992ರಲ್ಲಿ ಪ್ರಕಟವಾದ ವರದಿ ತಿಳಿಸಿತು. ಇದನ್ನು ಅಳೆದದ್ದು ಬ್ಯಾಕ್ಟೀರಿಯಾಗಳ ಸಹಾಯದಿಂದ. ಮೂತ್ರದ ಸಾರವನ್ನು ಸೇರಿಸಿದಾಗ ಎಷ್ಟು ಬ್ಯಾಕ್ಟೀರಿಯಾಗಳ ಜೀನ್ ಬದಲಾಗುತ್ತದೆಂದು ಎಣಿಸುವ ಈ ವಿಧಾನವನ್ನು ಅಮೆರಿಕದ ಬ್ರೂಸ್ ಏಮ್ಸ್ ರೂಪಿಸಿದ್ದರು.

ಕೊಲ್ಕತ್ತದವರು ಬಳಸಿದ್ದು ಧೂಮಕೇತು ಪರೀಕ್ಷೆಯನ್ನು. ಇದರ ಮೂಲರೂಪವನ್ನು 1984ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ತಂದರು. 1988ರಲ್ಲಿ ಭಾರತ ಮೂಲದ ನರೇಂದ್ರ ಸಿಂಗ್ ಮತ್ತು ಸಂಗಡಿಗರು ಅದನ್ನು ಸುಧಾರಿಸಿದರು. ಗಾಜಿನ ಪಟ್ಟಿಯ ಮೇಲೆ ಅಗರ್‌ನಂಥ ಪಾರದರ್ಶಕ ಅಂಟಿನ ತೆಳುಪದರ. ಅದರಲ್ಲಿ ಹುದುಗಿಸಿದ ರಕ್ತಕಣಗಳ ಹೊದಿಕೆಯನ್ನು ಕರಗಿಸಿ, ಡಿ.ಎನ್.ಎ.ಯನ್ನು ಮಾತ್ರ ಉಳಿಸಿಕೊಂಡು ವಿದ್ಯುತ್ ಹರಿಸುತ್ತಾರೆ. ಡಿ.ಎನ್.ಎ.ಗೆ ಋಣ ವಿದ್ಯುದಂಶವಿರುವುದರಿಂದ ಅದು ಧನ ಧ್ರುವದ ಕಡೆಗೆ ಎಳೆಯಲ್ಪಡುತ್ತದೆ. ಇಡಿಯಾದ ದಾರದ ಉಂಡೆ ಅಲ್ಲಾಡುವುದಿಲ್ಲ. ತುಂಡಾದ ಎಳೆಗಳು ಮಾತ್ರ ಈಚೆಗೆ ಹರಿದು ಬಾಲವಾಗುತ್ತವೆ. ಹೊಳೆಯುವ ಬಣ್ಣ ಹಚ್ಚಿ ನೋಡಿದರೆ ಸಾಕ್ಷಾತ್ ಧೂಮಕೇತು.

ಬಂಗಾಳದ ಜನರಲ್ಲಿ ಮೂರು ತಿಂಗಳ ಕರ್ಕ್ಯುಮಿನ್ ಸೇವನೆಯ ನಂತರ ಚುರುಕು ಆಮ್ಲಜನಕದ ಪ್ರಮಾಣವೂ ಇಳಿದಿತ್ತು, ದೇಹದ ರಕ್ಷಣಾ ಕಿಣ್ವಗಳ ಚಟುವಟಿಕೆಯೂ ಏರಿತ್ತು. ರಿಪೇರಿಯ ಸಾಮರ್ಥ್ಯವೂ ಹೆಚ್ಚಿತ್ತೆಂದು ಮಧುಮಿತಾ ರಾಯ್ ಮತ್ತು ಸಂಗಡಿಗರು 2011ರಲ್ಲಿ ವರದಿ ಮಾಡಿದರು.

ಚಮಚದ ಲೆಕ್ಕ

ಹಾಗಾದರೆ ದಿನನಿತ್ಯದ ಸಾರು ಹುಳಿಗಳ ಅರಿಶಿನವೇ ಸಾಕಲ್ಲವೇ? ಇದಕ್ಕೆ ಉತ್ತರವನ್ನು ಒಂದು ಸರಳ ಪ್ರಯೋಗದಿಂದ ಶುರುಮಾಡಬಹುದು. ಎರಡು ಗಾಜಿನ ಲೋಟ ತೆಗೆದುಕೊಳ್ಳಿ. ಒಂದರಲ್ಲಿ ನೀರು, ಇನ್ನೊಂದರಲ್ಲಿ ಕೊಬ್ಬರಿ ಎಣ್ಣೆ ಹಾಕಿ. ಎರಡಕ್ಕೂ ಒಂದೊಂದು ಚಿಟಿಕೆ ಅರಿಶಿನ ಹಾಕಿ ಕಲಕಿ, ಒಂದು ಗಂಟೆ ಬಿಡಿ. ನೀರಿನಲ್ಲಿ ಪುಡಿ ತಳಕ್ಕೆ ಇಳಿಯುತ್ತದೆ. ಎಣ್ಣೆ ಮಾತ್ರ ಬಣ್ಣವನ್ನು ಹೀರಿ ಹಳದಿಯಾಗಿ ನಿಲ್ಲುತ್ತದೆ. ಕರ್ಕ್ಯುಮಿನ್ ನೀರಿನಲ್ಲಿ ಕರಗುವುದು ಅತ್ಯಲ್ಪ. ಕರಗದ್ದು ರಕ್ತಕ್ಕೆ ಸೇರುವುದು ಕಷ್ಟ. ಸೇರಿದ್ದನ್ನೂ ಕರುಳು ಮತ್ತು ಯಕೃತ್ತು ಬೇಗನೆ ಬೇರೆ ರೂಪಕ್ಕೆ ಬದಲಿಸಿ ಹೊರಹಾಕಿಬಿಡುತ್ತವೆ.

ಈ ವಿಷಯದಲ್ಲಿ ಜಗತ್ತಿನಾದ್ಯಂತ ಹೆಸರಾದ ಒಂದು ಪ್ರಯೋಗ ಬೆಂಗಳೂರಿನಲ್ಲಿ ನಡೆದದ್ದು. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು ಆರೋಗ್ಯವಂತ ಸ್ವಯಂಸೇವಕರಿಗೆ 2 ಗ್ರಾಂ ಕರ್ಕ್ಯುಮಿನ್ ಕೊಟ್ಟರು. ರಕ್ತದಲ್ಲಿ ಅದು ಕಂಡೂ ಕಾಣದಷ್ಟಿತ್ತು. ಅದರೊಂದಿಗೆ ಕರಿಮೆಣಸಿನ ಖಾರದ ಅಂಶವಾದ ಪೈಪರಿನ್ ಅನ್ನು 20 ಮಿಲಿಗ್ರಾಂ ಕೊಟ್ಟಾಗ ರಕ್ತಕ್ಕೆ ಸೇರಿದ ಪ್ರಮಾಣ ಸುಮಾರು ಇಪ್ಪತ್ತು ಪಟ್ಟು ಏರಿತು. ಇದು ಪ್ರಕಟವಾದದ್ದು 1998ರಲ್ಲಿ. ಮೆಣಸಿನ ಸಾರಿಗೆ ಅರಿಶಿನ ಹಾಕುವ ಅಡುಗೆಮನೆಗೆ ಇದು ಸಂತೋಷದ ಸುದ್ದಿಯೇ ಸರಿ.

ಆದರೂ ಲೆಕ್ಕ ಹಾಕಿ ನೋಡಬೇಕು. ಒಂದು ಟೀ ಚಮಚ ಅರಿಶಿನ ಸುಮಾರು 3 ಗ್ರಾಂ. ಅದರಲ್ಲಿ ಶೇ 3 ಕರ್ಕ್ಯುಮಿನ್ ಎಂದರೆ 90 ಮಿಲಿಗ್ರಾಂ. ಬೆಂಗಳೂರಿನ ಪ್ರಯೋಗದ 2 ಗ್ರಾಂ ಬೇಕಾದರೆ ಒಬ್ಬರೇ ಒಮ್ಮೆಗೆ ಇಪ್ಪತ್ತೆರಡು ಚಮಚ ಅರಿಶಿನ ತಿನ್ನಬೇಕು! ನಾಲ್ಕು ಜನರ ಸಾರಿಗೆ ಹಾಕುವ ಚಿಟಿಕೆಯನ್ನೂ ಸಂಶೋಧಕರು ಕೊಟ್ಟ ಕ್ಯಾಪ್ಸೂಲನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು.

ಚೀನಾದ ಮೊಳಕೆಕಾಳು

ಸಸ್ಯದ ನೆರವಿನ ಇನ್ನೊಂದು ಉದಾಹರಣೆ ಚೀನಾದ ಯಾಂಗ್‌ಟ್ಸೆ ನದಿಯ ಮುಖದಲ್ಲಿರುವ ಚಿಡಾಂಗ್ ಪ್ರದೇಶದ್ದು. ಅಲ್ಲಿ ಶತ್ರು ಇದ್ದದ್ದು ಗಾಳಿಯಲ್ಲಿ. ಸಾಸಿವೆ, ಮೂಲಂಗಿ, ಎಲೆಕೋಸುಗಳ ಕುಟುಂಬಕ್ಕೇ ಸೇರಿದ ಬ್ರೊಕೊಲಿಯ ಮೊಳಕೆಯಲ್ಲಿ ಸಲ್ಫೊರಫೇನ್ ಎಂಬ ವಸ್ತು ಹುಟ್ಟುತ್ತದೆ. ಎನ್.ಆರ್.ಎಫ್-2 ಅನ್ನು ಎಚ್ಚರಿಸುವುದರಲ್ಲಿ ಇದು ಕರ್ಕ್ಯುಮಿನ್‌ಗಿಂತ ಚುರುಕು. ಅಲ್ಲಿಯ 291 ಮಂದಿಯನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಮೊಳಕೆಯ ಪಾನೀಯವನ್ನೂ ಇನ್ನೊಂದು ಗುಂಪಿಗೆ ಸಲ್ಫೊರಫೇನ್ ಇಲ್ಲದ ಪಾನೀಯವನ್ನೂ 12 ವಾರ ಕೊಟ್ಟರು. ಮೊಳಕೆಯ ಪಾನೀಯ ಕುಡಿದವರ ಮೂತ್ರದಲ್ಲಿ ಬೆಂಜೀನ್ ಎಂಬ ಕ್ಯಾನ್ಸರ್‌ಕಾರಕದ ವಿಸರ್ಜನೆ ಶೇ 61ರಷ್ಟು, ಅಕ್ರೊಲೀನ್ ಎಂಬ ಇನ್ನೊಂದು ವಿಷದ್ದು ಶೇ 23ರಷ್ಟು ಹೆಚ್ಚಾಯಿತು. 2014ರಲ್ಲಿ ಇದು ಪ್ರಕಟವಾಯಿತು.

ಈ ಪ್ರಯೋಗದ ಸೊಗಸು ಅದರ ಎರಡು ಗುಂಪುಗಳಲ್ಲಿದೆ. ಒಂದೇ ಗುಂಪನ್ನು ಮೊದಲು ಮತ್ತು ನಂತರ ಎಂದು ನೋಡಿದರೆ, ಆ ನಡುವೆ ಮಳೆ ಬಂದು ಗಾಳಿ ಶುದ್ಧವಾಗಿದ್ದರೂ ಅದರ ಕೀರ್ತಿ ಮೊಳಕೆಗೆ ಹೋಗುತ್ತಿತ್ತು. ಆದರೆ ವಿಷ ಬೇಗ ಹೊರಹೋಯಿತೆಂದ ಮಾತ್ರಕ್ಕೆ ಕ್ಯಾನ್ಸರ್ ಕಡಿಮೆಯಾಯಿತೆಂದು ಹೇಳುವಂತಿಲ್ಲ. ಅದಕ್ಕೆ 12 ವಾರ ಸಾಲದು, ದಶಕಗಳೇ ಬೇಕು.

ಫಿನ್ಲೆಂಡ್ ಕಲಿಸಿದ ಪಾಠ

ದಶಕದಷ್ಟು ಅಲ್ಲದಿದ್ದರೂ ವರ್ಷಗಟ್ಟಲೆ ಕಾದು ನೋಡಿದ ಒಂದು ದೊಡ್ಡ ಪ್ರಯೋಗ ಫಿನ್ಲೆಂಡಿನಲ್ಲಿ ನಡೆಯಿತು. ಗಜ್ಜರಿಗೆ ಬಣ್ಣ ಕೊಡುವ ಬೀಟಾ ಕೆರೋಟಿನ್ ಕೂಡ ಉತ್ಕರ್ಷಣ ನಿರೋಧಕ. ತರಕಾರಿ ಹಣ್ಣು ಹೆಚ್ಚು ತಿನ್ನುವವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆ ಎಂಬುದನ್ನು ಕಂಡು, ಧೂಮಪಾನಿಗಳಿಗೆ ಇದರ ಮಾತ್ರೆ ಕೊಟ್ಟರೆ ರಕ್ಷಣೆ ಸಿಗಬಹುದೆಂದು ಎಲ್ಲರೂ ನಂಬಿದ್ದರು. 29,133 ಪುರುಷ ಧೂಮಪಾನಿಗಳ ಮೇಲೆ ನಡೆದ ಈ ಪ್ರಯೋಗದ ಫಲಿತಾಂಶ 1994ರಲ್ಲಿ ಹೊರಬಂದಾಗ ವಿಜ್ಞಾನ ಲೋಕ ಬೆಚ್ಚಿಬಿತ್ತು. ಬೀಟಾ ಕೆರೋಟಿನ್ ಮಾತ್ರೆ ತಿಂದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ 18ರಷ್ಟು ಹೆಚ್ಚಾಗಿತ್ತು!

ಗಜ್ಜರಿ ತಿನ್ನುವುದು ಅಪಾಯವೆಂದು ಇದರ ಅರ್ಥವಲ್ಲ. ತರಕಾರಿಯಲ್ಲಿ ಒಂದು ಪದಾರ್ಥದ ಜೊತೆಗೆ ನೂರಾರು ಪದಾರ್ಥಗಳು ಸಣ್ಣ ಪ್ರಮಾಣದಲ್ಲಿರುತ್ತವೆ. ಅದರಿಂದ ಒಂದನ್ನೇ ಹೆಕ್ಕಿ, ದೊಡ್ಡ ಪ್ರಮಾಣದಲ್ಲಿ, ಹೊಗೆ ತುಂಬಿದ ಶ್ವಾಸಕೋಶಕ್ಕೆ ಕಳಿಸಿದಾಗ ಅದು ಬೇರೆಯೇ ರೀತಿ ವರ್ತಿಸಬಹುದು.

ಕರ್ಕ್ಯುಮಿನ್ ಕೂಡ ಈ ನಿಯಮಕ್ಕೆ ಹೊರತಲ್ಲ. ತಾಮ್ರದ ಅಯಾನುಗಳ ಸಮ್ಮುಖದಲ್ಲಿ ಅದು ತಾನೇ ಡಿ.ಎನ್.ಎ.ಯನ್ನು ಕತ್ತರಿಸಬಲ್ಲದೆಂದು ಅಲಿಗಢ ಮುಸ್ಲಿಂ ವಿಶ್ವವಿದ್ಯಾಲಯದ ಸಂಶೋಧಕರು ಪ್ರನಾಳದಲ್ಲಿ ತೋರಿಸಿದ್ದಾರೆ. ಕರ್ಕ್ಯುಮಿನ್ ಕುರಿತ ಚಿಕಿತ್ಸಾ ಪ್ರಯೋಗಗಳು 120ಕ್ಕೂ ಮೀರಿವೆ. ರೋಗಿಗೂ ವೈದ್ಯರಿಗೂ ತಿಳಿಯದಂತೆ ಹುಸಿ ಮಾತ್ರೆಯೊಂದಿಗೆ ಹೋಲಿಸಿ ನೋಡುವ ಕಟ್ಟುನಿಟ್ಟಿನ ಪರೀಕ್ಷೆಯಲ್ಲಿ ಯಾವುದೂ ಯಶಸ್ವಿಯಾಗಿಲ್ಲವೆಂದು ಅಮೆರಿಕದ ಔಷಧ ರಸಾಯನ ತಜ್ಞರು 2017ರ ವಿಮರ್ಶೆಯೊಂದರಲ್ಲಿ ಬರೆದರು. ಅರಿಶಿನದ ಮಾತ್ರೆಗಳಿಂದ ಯಕೃತ್ತಿಗೆ ಹಾನಿಯಾದ 10 ಪ್ರಕರಣಗಳನ್ನು ಅಮೆರಿಕದ ವೈದ್ಯರು 2022ರಲ್ಲಿ ವರದಿ ಮಾಡಿದ್ದಾರೆ. ಐವರು ಆಸ್ಪತ್ರೆ ಸೇರಬೇಕಾಯಿತು, ಒಬ್ಬರು ಮೃತಪಟ್ಟರು. ಪೈಪರಿನ್ ಬೆರೆಸಿದ ಮಾತ್ರೆಗಳ ವಿಷಯದಲ್ಲಂತೂ ಇನ್ನಷ್ಟು ಎಚ್ಚರ ಬೇಕು. ಅದು ಕರ್ಕ್ಯುಮಿನ್ ಹೊರಹೋಗುವ ಬಾಗಿಲನ್ನು ಮುಚ್ಚುವಂತೆಯೇ ಇತರ ಔಷಧಿಗಳ ಬಾಗಿಲನ್ನೂ ಮುಚ್ಚಬಲ್ಲದು. ಮನೆಯಲ್ಲಿ ಬೇರೆ ಕಾಯಿಲೆಗೆ ಗುಳಿಗೆ ನುಂಗುವ ಹಿರಿಯರಿದ್ದರೆ ವೈದ್ಯರನ್ನು ಕೇಳದೆ ಇಂಥ ಮಾತ್ರೆ ಕೊಡಬಾರದು.

ರಕ್ಷಕನೇ ಭಕ್ಷಕನಾದಾಗ

ಇದಕ್ಕಿಂತಲೂ ವಿಷಾದದ ಸಂಗತಿ ಬಾಂಗ್ಲಾದೇಶದಲ್ಲಿ ಬೆಳಕಿಗೆ ಬಂತು. ಅಲ್ಲಿ ಅರಿಶಿನದ ಕೊಂಬುಗಳಿಗೆ ಹೊಳಪು ಬರಲೆಂದು ಹಳದಿ ಬಣ್ಣದ ಸೀಸದ ಕ್ರೋಮೇಟ್ ಸವರುತ್ತಿದ್ದರು. ಬಾಗಿಲು ಕಿಟಕಿಗಳ ಬಣ್ಣಕ್ಕೆ ಬಳಸುತ್ತಿದ್ದ ವಸ್ತು ಅದು. ಅದರಲ್ಲಿರುವ ಸೀಸ ಮಕ್ಕಳ ಮಿದುಳಿನ ಬೆಳವಣಿಗೆಯನ್ನು ಕುಂಠಿತಗೊಳಿಸುತ್ತದೆ. ಅದರಲ್ಲಿರುವ ಕ್ರೋಮಿಯಂ, ಡಿ.ಎನ್.ಎ.ಗೆ ಹಾನಿ ಮಾಡುವ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿದ ರೂಪದ್ದು. ಡಿ.ಎನ್.ಎ.ಯನ್ನು ಕಾಪಾಡಲೆಂದು ತಿಂದ ಅರಿಶಿನದಲ್ಲೇ ಡಿ.ಎನ್.ಎ.ಯ ವೈರಿ!

ಈ ಕಥೆಗೆ ಒಳ್ಳೆಯ ಅಂತ್ಯವೂ ಇದೆ. ವಿಜ್ಞಾನಿಗಳು ಕಂಡದ್ದನ್ನು ಪತ್ರಿಕೆಗಳು ಬರೆದವು, ಸರ್ಕಾರ ಮಾರುಕಟ್ಟೆಗಳಲ್ಲಿ ತಪಾಸಣೆ ನಡೆಸಿ ದಂಡ ಹಾಕಿತು. 2019ರಲ್ಲಿ ಪರೀಕ್ಷಿಸಿದ ಮಾದರಿಗಳಲ್ಲಿ ಶೇ 47ರಲ್ಲಿ ಸೀಸವಿತ್ತು. 2021ರ ಹೊತ್ತಿಗೆ ಅದು ಸೊನ್ನೆಗೆ ಇಳಿಯಿತು. ಅಂಗಡಿಯಲ್ಲಿ ಕೊಂಬು ಕೊಳ್ಳುವಾಗ ಕಣ್ಣಿಗೆ ಹೊಡೆಯುವಂಥ ಹೊಳಪಿದ್ದರೆ ಅನುಮಾನಿಸುವುದು ಲೇಸು.

ಯಾದಗಿರಿಯ ತಾಂಡಾ

ಆರ್ಸೆನಿಕ್ ಬಂಗಾಳದ ಸಂಕಟ ಮಾತ್ರ ಎಂದು ಕನ್ನಡಿಗರು ನೆಮ್ಮದಿಯಿಂದಿರುವಂತಿಲ್ಲ. ಯಾದಗಿರಿ ಜಿಲ್ಲೆಯ ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾದ ಜನರಲ್ಲೂ ಅದೇ ಚುಕ್ಕೆಗಳು, ಅಂಗೈಯಲ್ಲಿ ಅದೇ ಗಂಟುಗಳು ಕಂಡವು. ಹತ್ತಿರದಲ್ಲೇ ಹಳೆಯ ಚಿನ್ನದ ಗಣಿಯ ಪ್ರದೇಶ. ಚಿನ್ನವಿರುವ ಶಿಲೆಗಳಲ್ಲಿ ಆರ್ಸೆನಿಕ್ಕಿನ ಖನಿಜವೂ ಜೊತೆಯಾಗಿರುವುದುಂಟು. ಬಂಗಾಳದ ಹಳ್ಳಿಹಳ್ಳಿಗಳಲ್ಲಿ ದಶಕಗಳ ಕಾಲ ನೀರನ್ನು ಪರೀಕ್ಷಿಸಿ ಎಚ್ಚರಿಕೆ ಕೊಟ್ಟಿದ್ದ ಜಾದವಪುರ ವಿಶ್ವವಿದ್ಯಾಲಯದ ದೀಪಂಕರ ಚಕ್ರವರ್ತಿ ಅವರೇ ಮುಂದಾಗಿ ನಿಂತು ಮಾಡಿದ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಈಶಾನ್ಯ ಕರ್ನಾಟಕದ ಆ ಭಾಗದ ನೀರಿನಲ್ಲೂ ಮಣ್ಣಿನಲ್ಲೂ ಜನರ ಮೈಯಲ್ಲೂ ಆರ್ಸೆನಿಕ್ ಇರುವುದನ್ನು ಅದು ದಾಖಲಿಸಿತು.

ಅಂಥ ತಾಂಡಾದ ತಾಯಿಯೊಬ್ಬಳು ತನ್ನ ಮಗುವಿಗೆ ಅರಿಶಿನದ ಹಾಲು ಕೊಡಬೇಕೇ ಎಂದು ಕೇಳಿದರೆ ಏನು ಹೇಳಬೇಕು? ಕೊಡಬಹುದು, ಅದರಿಂದ ಕೇಡಿಲ್ಲ. ಆದರೆ ಹಾಲಿಗೆ ಬೆರೆಸುವ ನೀರು ಅದೇ ಕೊಳವೆ ಬಾವಿಯದಾಗಿದ್ದರೆ ಅರಿಶಿನ ಸೋಲುತ್ತದೆ. ಆಕೆಗೆ ಮೊದಲು ಬೇಕಾದದ್ದು ಪರೀಕ್ಷಿಸಿದ, ಶುದ್ಧವಾದ ಒಂದು ಕೊಡ ನೀರು. ಬಾಂಗ್ಲಾದೇಶದಲ್ಲಿ ವಿಷದ ಕೈಪಂಪುಗಳಿಗೆ ಕೆಂಪು, ಒಳ್ಳೆಯ ಪಂಪುಗಳಿಗೆ ಹಸಿರು ಬಣ್ಣ ಬಳಿದದ್ದೇ ತಡ, ಅನೇಕ ಕುಟುಂಬಗಳು ನೀರು ತರುವ ಜಾಗ ಬದಲಿಸಿದವು. ಡಬ್ಬಿ ಬಣ್ಣ ಮತ್ತು ಒಂದು ಪರೀಕ್ಷೆ ಮಾಡಿದ ಕೆಲಸವದು.

ಈಗಾಗಲೇ ವಿಷ ಕುಡಿದವರ ಪಾಲಿಗೆ ಕೊಲ್ಕತ್ತದ ಪ್ರಯೋಗ ಒಂದು ಭರವಸೆಯ ಕಿಟಕಿ ತೆರೆದಿದೆ. ಗಿಡ್ಡವಾದ ಆ ಬಾಲ ಕ್ಯಾನ್ಸರನ್ನೂ ದೂರವಿಡುತ್ತದೆಯೇ ಎಂದು ದೊಡ್ಡ ಪ್ರಮಾಣದಲ್ಲಿ, ಹಲವು ವರ್ಷ ಪರೀಕ್ಷಿಸಿ ನೋಡುವ ಕೆಲಸ ಬಾಕಿಯಿದೆ. ಇಂದು ಶಾಲೆಯಲ್ಲಿ ಜೀವಕೋಶದ ಚಿತ್ರ ಬಿಡಿಸುತ್ತಿರುವ ಹುಡುಗ ಹುಡುಗಿಯರಲ್ಲೇ ಯಾರಾದರೂ ಅದನ್ನು ಮಾಡಬೇಕು. ಅಲ್ಲಿಯವರೆಗೆ ಸಾರಿಗೆ ಅರಿಶಿನವಿರಲಿ, ಒಗ್ಗರಣೆಗೆ ಸಾಸಿವೆಯಿರಲಿ. ಊರಿನ ಕೊಳವೆ ಬಾವಿಯ ನೀರನ್ನು ಕಡೆಯ ಬಾರಿ ಪರೀಕ್ಷೆ ಮಾಡಿಸಿದ್ದು ಯಾವಾಗ ಎಂದು ಪಂಚಾಯಿತಿಯಲ್ಲಿ ವಿಚಾರಿಸುವುದೂ ಇರಲಿ.